ಮಾಳಿಗೆಯ ಮೇಲಿನ ಉಂಕಿ

ನೂಲಿಗೆ ನೆನಪಿರುತ್ತದೆ ಎಂದು ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ, ಇವರನ್ನು ಮೊದಲು ಧಾರವಾಡಕ್ಕೆ ಕರೆದುಕೊಂಡು ಹೋಗಿ ಎಂದುಬಿಡುತ್ತಿದ್ದೆ. ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ, ಅಲ್ಲಿ ಹುಚ್ಚರ ಆಸ್ಪತ್ರೆಯಿದೆ. ಈಗ ನೋಡಿದರೆ ಅದೇ ನೂಲನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೂವತ್ತು ವರ್ಷ ವಿದ್ಯುತ್ ಉಪಕೇಂದ್ರದಲ್ಲಿ ಮೀಟರು ನೋಡುತ್ತ ಕೂತಿದ್ದ ಈ ಗುರುಪಾದ ಕೊಣ್ಣೂರ, ನಿವೃತ್ತಿಯಾದ ಮೇಲೆ ಬೆಟಗೇರಿಯ ನೂಲಿನ ಮ್ಯೂಜಿಯಮ್ಮಿನ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಕೋಣೆಯೊಳಗೆ, ಊರ ಜನರ ಕೈಗಳನ್ನು ಪರದೆಯ ಮೇಲೆ ನೋಡುತ್ತ ಕೂತಿದ್ದಾನೆ. ಕೋಣೆಗೆ ಕಂಟ್ರೋಲ್ ರೂಮ್ ಎಂದು ಹೆಸರು. ಅಲ್ಲಿ ನಿಜವಾಗಿ ನನ್ನ ಕಂಟ್ರೋಲಿನಲ್ಲಿರುವುದು ಒಂದು ಫ್ಯಾನು ಮಾತ್ರ.

ಮ್ಯೂಜಿಯಮ್ಮಿನ ಕೆಳಗಿನ ಎರಡು ಅಂತಸ್ತಿನಲ್ಲಿ ಹಳೆಯ ಮಗ್ಗಗಳಿವೆ, ರಾಟಿಗಳಿವೆ, ಗಾಜಿನ ಪೆಟ್ಟಿಗೆಯಲ್ಲಿ ಸೀರೆಗಳಿವೆ. ಯಾವುದನ್ನೂ ಮುಟ್ಟಬಾರದು ಎಂದು ಹೆಜ್ಜೆಗೊಂದು ಬೋರ್ಡು. ಕೊನೆಯ ಹದಿನೆಂಟು ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದರೆ ಅಲ್ಲಿ ‘ಮುಟ್ಟಿರಿ’ ಎಂಬ ಬೋರ್ಡು. ಆಚೆ ಈಚೆ ಎರಡು ಕಬ್ಬಿಣದ ತೊಲೆ, ನಡುವೆ ಅರವತ್ತು ಅಡಿ ಉದ್ದಕ್ಕೆ ಎಳೆದು ಕಟ್ಟಿದ ಎರಡು ಸಾವಿರದ ನಾಲ್ಕುನೂರು ಎಳೆಗಳು. ಹಾಸಿನ ನೂಲಿಗೆ ನಮ್ಮ ನೇಕಾರರು ಉಂಕಿ ಎನ್ನುತ್ತಾರೆ. ಇದೂ ಒಂದು ಉಂಕಿಯೇ, ಆದರೆ ನೇಯಲಿಕ್ಕಲ್ಲ. ಜನ ಅದರ ಸಾಲುಗಳ ನಡುವೆ ನಡೆಯುತ್ತಾರೆ, ಬೇಕಾದ ಎಳೆಯನ್ನು ಹಿಡಿಯುತ್ತಾರೆ. ಹಿಡಿದ ಕ್ಷಣ ಆ ಎಳೆ ನಸುಹಳದಿ ಬೆಳಗುತ್ತದೆ, ಆಮೇಲೆ ಅತ್ತ ಕಡೆಯಿಂದ ಯಾರೋ ಮೆಲ್ಲಗೆ ಜಗ್ಗಿದಂತಾಗುತ್ತದೆ. ಅತ್ತ ಕಡೆ ಯಾರೂ ಇರುವುದಿಲ್ಲ. ನಿಮಗಿಂತ ಮೊದಲು ಆ ಎಳೆ ಹಿಡಿದವರ ಕೈ ಅದು.

ಇದನ್ನು ಕಂಡುಹಿಡಿದವರು ಡಾ. ವೈಜಯಂತಿ ಯಾಳಗಿ. ಕೆಲಸಕ್ಕೆ ಸೇರಿದ ದಿನ ಅವರು ನನಗೆ ತಿಳಿಸಿ ಹೇಳಿದ್ದು ಇಷ್ಟು: ಆ ಎಳೆಯೊಳಗೆ ಕಣ್ಣಿಗೆ ಕಾಣದ ಸುರುಳಿಗಳಿವೆ. ಹಿಡಿದರೆ, ಜಗ್ಗಿದರೆ, ಸವರಿದರೆ ಅವು ಅದೇ ಪ್ರಕಾರ ಮಣಿದು ಹಾಗೆಯೇ ಉಳಿಯುತ್ತವೆ. ಪ್ರತಿ ಎಳೆಯ ಒಂದು ತುದಿಗೆ ಹೆಬ್ಬೆರಳ ಗಾತ್ರದ ಮೋಟಾರಿದೆ, ಅದಕ್ಕೊಂದು ಕಣ್ಣಿದೆ. ಎಳೆಯನ್ನು ಎಲ್ಲಿ ಮುಟ್ಟಿದರೂ ಆ ಒತ್ತಡ ಹರಿದು ಬಂದು ಕಣ್ಣಿನ ಹತ್ತಿರದ ಒಂದು ಮೊಳದಲ್ಲಿ ನೆಲೆ ನಿಲ್ಲುತ್ತದೆ. ಮೋಟಾರು ಆ ಮೊಳವನ್ನು ಓದಿ ಅದೇ ಬಿಗಿಯನ್ನು, ಅದೇ ಸಡಿಲವನ್ನು ಮುಂದಿನವರ ಕೈಗೆ ಕೊಡುತ್ತದೆ. ಎಲ್ಲಕ್ಕಿಂತ ಮೊದಲು ಮುಟ್ಟಿದ ಕೈಯೂ ಎಲ್ಲಕ್ಕಿಂತ ಕೊನೆಗೆ ಮುಟ್ಟಿದ ಕೈಯೂ ಗಟ್ಟಿಯಾಗಿ ನಿಲ್ಲುತ್ತವೆ, ನಡುವಿನ ಜನ ಒಬ್ಬರೊಳಗೊಬ್ಬರು ಕಲಸಿಹೋಗುತ್ತಾರೆ. ಈ ನೆನಪು ಕಂಪ್ಯೂಟರಿನಲ್ಲಿ ಇರುವುದಿಲ್ಲ, ಎಳೆಯಲ್ಲೇ ಇರುತ್ತದೆ. ಎಳೆ ಸುಟ್ಟರೆ ಮುಗಿಯಿತು.

ಊರ ಜನ ಬೇಗ ಹೊಂದಿಕೊಂಡರು. ಮೊದಲ ವಾರ ಹೆದರಿ ಕೈ ಹಿಂದಕ್ಕೆಳೆದವರು ಎರಡನೆಯ ವಾರ ಬುತ್ತಿ ಕಟ್ಟಿಕೊಂಡು ಬಂದರು. ಮುಟ್ಟಿದ ಮೇಲೆ ಬೆರಳನ್ನು ಕಣ್ಣಿಗೊತ್ತಿಕೊಳ್ಳುವುದು ತಾನಾಗಿಯೇ ಶುರುವಾಯಿತು. ನಿವೃತ್ತ ಹೆಡ್‌ಮಾಸ್ತರರೊಬ್ಬರು ದಿನಾ ಒಂದೇ ಎಳೆಗೆ ಬರುತ್ತಿದ್ದರು. ಯಾಕೆ ಎಂದರೆ, ಇದರಲ್ಲಿರುವ ಮನುಷ್ಯ ನನ್ನ ಮಾತು ಪೂರ್ತಿ ಕೇಳುತ್ತಾನೆ ಎಂದರು. ಗಂಡನ ಮೇಲೆ ಸಿಟ್ಟಾಗಿ ಬಂದ ಹೆಂಗಸೊಬ್ಬಳು ಎಳೆಯನ್ನು ಎಷ್ಟು ಜೋರಾಗಿ ಜಗ್ಗಿದಳೆಂದರೆ, ಮುಂದೆ ಹದಿನೈದು ದಿನ ಆ ಎಳೆ ಹಿಡಿದವರೆಲ್ಲ ಬೆಚ್ಚಿಬೀಳುತ್ತಿದ್ದರು.

ಬಾಗಿಲಲ್ಲಿ ಇನ್ನೊಂದು ಬೋರ್ಡಿದೆ: ‘ನಿಮ್ಮ ಸ್ಪರ್ಶವನ್ನು ಒಂದು ವರ್ಷದ ನಂತರ ಈ ನೂಲು ಮರೆಯುತ್ತದೆ.’ ಅದು ಡಾ. ವೈಜಯಂತಿಯವರ ಮಾತು. ವರ್ಷಕ್ಕೊಮ್ಮೆ ಹಳೆಯ ಉಂಕಿ ಪೂರ್ತಿ ತೆಗೆದು ಸುಡಬೇಕು, ಹೊಸದನ್ನು ಏರಿಸಬೇಕು. ಮನುಷ್ಯರು ಯಾವ ಯಾವ ದುಃಖ ಹೊತ್ತುಕೊಂಡು ಇಲ್ಲಿ ಬಂದು ಮುಟ್ಟುತ್ತಾರೋ ಗೊತ್ತಿಲ್ಲ, ಅದನ್ನು ಶಾಶ್ವತವಾಗಿ ಇಟ್ಟುಕೊಳ್ಳಲು ನಾವು ಯಾರು ಎಂದು ಅವರು ಕೇಳುತ್ತಿದ್ದರು. ಆ ಮಾತು ನನಗೂ ಸರಿ ಎನಿಸುತ್ತಿತ್ತು.

ಮೊದಲ ವರ್ಷದ ಉಂಕಿಯನ್ನು ಯಂತ್ರದಿಂದ ಹೂಡಲು, ಅಂದರೆ ಎಳೆಗಳನ್ನು ಒಂದೇ ಬಿಗಿಯಲ್ಲಿ ಸಾಲಾಗಿ ಎಳೆದು ಕಟ್ಟಲು, ನೋಡಿ ಸೋತಿದ್ದರು. ಯಂತ್ರದ ಜಗ್ಗಾಟಕ್ಕೆ ಎಳೆಗಳು ಪಟಪಟ ಹರಿಯುತ್ತಿದ್ದವು. ಕೊನೆಗೆ ಬೆಟಗೇರಿಯ ಫಕೀರಪ್ಪನನ್ನು ಕರೆಸಿದರು. ಅವನು ನೇಕಾರ, ಜೊತೆಗೆ ಉಂಕಿ ಹೂಡುವುದರಲ್ಲಿ ಊರಿಗೇ ಹೆಸರಾದವನು. ಹನ್ನೊಂದು ದಿನ ಅರವತ್ತು ಅಡಿಯನ್ನು ಹೋಗುತ್ತ ಬರುತ್ತ, ಅಷ್ಟೂ ಎಳೆಗಳನ್ನು ಬಲಗೈಯ ಬೆರಳಸಂದಿಯಿಂದ ಬಿಟ್ಟು ಹೂಡಿಕೊಟ್ಟ. ಒಂದು ಎಳೆಯೂ ಹರಿಯಲಿಲ್ಲ. ಆಮೇಲೆ ದಸರೆಯ ಹೊತ್ತಿಗೆ ಅವನಿಗೆ ಲಕ್ವ ಹೊಡೆದು ಅದೇ ಬಲಗೈ ಬಿದ್ದುಹೋಯಿತು.

ಇದನ್ನು ನನಗೆ ಹೇಳಿದವಳು ಅವನ ಹೆಂಡತಿ ಸಾವಂತ್ರವ್ವ. ಈ ವರ್ಷ ಹೊಸ ಉಂಕಿಯನ್ನು ಹೂಡಿದ್ದು ಯಂತ್ರವೇ, ಅಷ್ಟರಲ್ಲಿ ಅದಕ್ಕೆ ನಾಜೂಕು ಕಲಿಸಿದ್ದರು. ಆದರೆ ಎರಡು ಸಾವಿರದ ನಾಲ್ಕುನೂರು ಕಣ್ಣುಗಳಲ್ಲಿ ಎಳೆ ಪೋಣಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಅದಕ್ಕೆ ಸಾವಂತ್ರವ್ವ ಬಂದಳು. ಅವಳು ಉಂಕಿ ಕೆಚ್ಚುವಾಕೆ. ಮಗ್ಗದ ಮೇಲಿನ ಹಳೆಯ ಉಂಕಿ ತೀರುತ್ತ ಬಂದಾಗ ಅದರ ಒಂದೊಂದು ತುದಿಗೂ ಹೊಸ ಉಂಕಿಯ ಒಂದೊಂದು ಎಳೆಯನ್ನು ಹೊಸೆದು ಸೇರಿಸುವುದೇ ಕೆಚ್ಚುವುದು. ಗಂಟು ಹಾಕುವುದಿಲ್ಲ. ಬೆರಳಿಗೆ ಒಂದಿಷ್ಟು ಬೂದಿ ಹಚ್ಚಿಕೊಂಡು, ಎರಡು ತುದಿ ಕೂಡಿಸಿ, ಹೆಬ್ಬೆರಳಿನಿಂದ ಒಂದು ತಿರುವು ಕೊಟ್ಟರೆ ಆಯಿತು. ಸಾವಂತ್ರವ್ವ ಒಂದು ಎಳೆ ಕೆಚ್ಚುವಷ್ಟರಲ್ಲಿ ನನಗೆ ಕನ್ನಡಕ ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಒಂಬತ್ತು ದಿನ ಅವಳು ತೊಲೆಯ ಬುಡದಲ್ಲಿ ಚಾಪೆ ಹಾಕಿಕೊಂಡು ಕೂತಳು. ನಾನು ಚಹಾ ತರಿಸಿದಾಗ ಎರಡು ಮಾತಾಡುತ್ತಿದ್ದಳು. ಫಕೀರಪ್ಪನ ಮಾತು ತಿರುಗಿ ಬಂದಿದೆ, ಕಾಲೆಳೆಯುತ್ತ ನಡೆಯುತ್ತಾನೆ. ಕೈ ಮಾತ್ರ ಇಲ್ಲ. ಕೈ ಸತ್ತಿಲ್ಲ, ಮರೆತಿದೆ, ದಿನಾ ನೆನಪು ಮಾಡಿಕೊಟ್ಟರೆ ಬಂದೀತು, ಆದರೆ ಆರು ತಿಂಗಳು ದಾಟಿದರೆ ಕಷ್ಟ ಎಂದು ದವಾಖಾನೆಯಲ್ಲಿ ಹೇಳಿದ್ದಾರಂತೆ. ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದಾರೆ. ಅವನು ಅದನ್ನು ಮುಟ್ಟುವುದಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ಯುಗಾದಿಗೆ ಆರು ತಿಂಗಳು ತುಂಬುತ್ತದೆ ಎಂದಳು. ಯುಗಾದಿಗೆ ಇನ್ನು ಮೂರೇ ವಾರವಿತ್ತು.

ಒಂಬತ್ತನೆಯ ದಿನ ಹಳೆಯ ಉಂಕಿಯನ್ನು ನನ್ನ ಕಣ್ಣೆದುರಿಗೇ ಸುಟ್ಟರು, ನಾನು ಸಹಿ ಹಾಕಿದೆ. ಹೊಸದು ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಭಾನುವಾರ ಬಾಗಿಲು ತೆರೆಯುವುದಿತ್ತು.

ಗುರುವಾರ ಬೆಳಿಗ್ಗೆ ಮೋಟಾರುಗಳಿಗೆ ಕರೆಂಟು ಕೊಟ್ಟೆ. ಯಾರೂ ಮುಟ್ಟದ ನೂಲು, ಪರದೆಯ ಮೇಲೆ ಎಲ್ಲ ಗೆರೆಗಳೂ ಸಪಾಟಾಗಿ ಇರಬೇಕಿತ್ತು. ಇರಲಿಲ್ಲ. ಪ್ರತಿಯೊಂದು ಗೆರೆಯೂ ಉಸಿರಾಡುತ್ತಿತ್ತು. ಒಂದು ಉದ್ದನೆಯ ಎಳೆತ, ಅದರ ಹಿಂದೆ ಕಲಸಿಹೋದ ಜನಜಂಗುಳಿ, ಕೊನೆಗೆ ಒಂದು ಚಿಕ್ಕ ಮೊನಚು. ಕಳೆದ ವರ್ಷದ ಜನ ಇನ್ನೂ ಅಲ್ಲೇ ಇದ್ದರು.

ಡಾ. ವೈಜಯಂತಿ ಹುಬ್ಬಳ್ಳಿಯಿಂದ ಒಂದೂವರೆ ಗಂಟೆಯಲ್ಲಿ ಬಂದರು. ಪರದೆ ನೋಡಿದರು, ನೇರವಾಗಿ ಹೋಗಿ ತೊಲೆಯ ಹತ್ತಿರ ಮೊಣಕಾಲೂರಿ ಕೂತು ಭೂತಗನ್ನಡಿ ಹಿಡಿದರು. ಪ್ರತಿ ಕಣ್ಣಿನ ಹತ್ತಿರ ಒಂದು ಮೊಳ ಹಳೆಯ ಎಳೆ ಹಾಗೆಯೇ ಇತ್ತು. ಅದರ ತುದಿಗೆ ಹೊಸ ಎಳೆಯನ್ನು ಸೇರಿಸಲಾಗಿತ್ತು. ಸೇರಿಸಿದ್ದು ಎಷ್ಟು ನಯವಾಗಿತ್ತೆಂದರೆ ಬೆರಳು ಆಡಿಸಿದರೂ ಗೊತ್ತಾಗುತ್ತಿರಲಿಲ್ಲ. ಎಲ್ಲ ಎಳೆಗಳಲ್ಲೂ ಹಾಗೆಯೇ.

ಸಾವಂತ್ರವ್ವನನ್ನು ಕರೆಸಿದೆವು. ಅವಳು ಸೆರಗು ಹೊದ್ದುಕೊಂಡು ನಿಂತು, ತಪ್ಪೇನಾಯಿತು ಎಂದು ನಿಜವಾಗಿಯೂ ತಿಳಿಯದವಳ ಹಾಗೆ ನಮ್ಮಿಬ್ಬರ ಮುಖ ನೋಡಿದಳು. ಪೂರ್ತಿ ತೆಗೆಯಿರಿ ಎಂದು ಮೇಡಂ ಹೇಳಿದ್ದು ಅವಳಿಗೆ ನೆನಪಿತ್ತು. ಆದರೆ ಅವಳ ಕಸುಬಿನಲ್ಲಿ ಪೂರ್ತಿ ತೆಗೆಯುವುದೆಂದರೆ ಒಂದು ಮೊಳ ಬಿಟ್ಟು ತೆಗೆಯುವುದು. ಆ ಒಂದು ಮೊಳವನ್ನೂ ಬಿಚ್ಚುವ ಮಾತು ಯಾರಾದರೂ ಆಡುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ಉಂಕಿ ಪೂರಾ ಬಿಚ್ಚಿದ್ರ ಮಗ್ಗ ಮುಚ್ಚಿಧಂಗ ಆಗ್ತೈತ್ರಿ ಮೇಡಂ,” ಎಂದಳು. “ನಮ್ಮ ಮನ್ಯಾಗ ಮೂವತ್ತನಾಕು ವರ್ಷದಾಗ ಒಮ್ಮಿನೂ ಬಿಚ್ಚಿಲ್ಲ.”

ಅಲ್ಲಿಗೆ ಸುಮ್ಮನಾಗಿದ್ದರೆ ಎಲ್ಲವೂ ಒಂದು ರೂಢಿಯ ತಪ್ಪಾಗಿ ಮುಗಿಯುತ್ತಿತ್ತು. ಸಾವಂತ್ರವ್ವನಿಗೆ ಸುಮ್ಮನಿರಲು ಬರುವುದಿಲ್ಲ. ಕೆಚ್ಚಲು ಕೂತ ಮೊದಲ ದಿನ ಸಂಜೆ, ಮೋಟಾರು ತಿರುಗುತ್ತದೆಯೋ ಎಂದಷ್ಟೇ ನೋಡಲು ನಾನು ಒಂದು ಸಾಲಿಗೆ ಕರೆಂಟು ಕೊಟ್ಟಿದ್ದೆನಂತೆ, ಆಗ ಅವಳ ಕೈಯಲ್ಲಿ ಒಂದು ಎಳೆ ಇತ್ತಂತೆ. ಅದು ಜಗ್ಗಿದಾಗ ಅವಳಿಗೆ ಗುರುತು ಸಿಕ್ಕಿತು. ಮದುವೆಯಾದಾಗಿನಿಂದ ಅವನು ಹೂಡಿದ ಉಂಕಿಯನ್ನೇ ಕೆಚ್ಚಿದವಳು, ಆ ಜಗ್ಗು ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

“ಮೊದಲನೇ ದಿವಸ ರೂಢಿಲೆ ಹಾಕೀನ್ರಿ,” ಎಂದಳು. “ಎರಡನೇ ದಿವಸದಿಂದ ಗೊತ್ತಿದ್ದs ಹಾಕೀನಿ. ಅವರ ಕೈ ಇಲ್ಲಿ ಐತಿ. ಅವರನ್ನ ಒಮ್ಮಿ ಕರಕೊಂಡು ಬಂದು ಹಿಡಿಸಿದ್ರ ಆ ಕೈಗೆ ನೆನಪಾದೀತು ಅಂತ.”

ಡಾ. ವೈಜಯಂತಿ ಸಾವಂತ್ರವ್ವನನ್ನು ಮನೆಗೆ ಕಳಿಸಿ ನನ್ನೊಡನೆ ಕಂಟ್ರೋಲ್ ರೂಮಿಗೆ ಬಂದರು. ಶುಕ್ರವಾರ ಸಂಜೆಯೊಳಗೆ ಅಷ್ಟೂ ಹಳೆಯ ತುಂಡುಗಳನ್ನು ಕತ್ತರಿಸಿ ತೆಗೆಯಬೇಕು, ಸುಡಬೇಕು ಎಂದರು. ನಾನು ಕೆರಳಿದೆ. ಒಬ್ಬ ಮನುಷ್ಯನ ಕೈ ದೊಡ್ಡದೋ ನಿಮ್ಮ ಬೋರ್ಡು ದೊಡ್ಡದೋ ಎಂದು ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕಳೆದ ವರ್ಷ ತನ್ನ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಬಂದಿದ್ದಳು, ಇದು ಒಂದು ವರ್ಷಕ್ಕೆ ಅಳಿಸುತ್ತದೆ ಎಂಬುದು ಖಂಡಿತವೇ ಎಂದು ಮೂರು ಸಲ ಕೇಳಿಕೊಂಡು ಆಮೇಲೆ ಎಳೆ ಹಿಡಿದಳು ಎಂದರು. ಅವಳಿಗೆ ಖಂಡಿತ ಎಂದು ಹೇಳಿದ್ದು ತಾವೇ ಎಂದರು. ನನ್ನ ಸಿಟ್ಟು ಇಳಿಯಲಿಲ್ಲ, ಅದನ್ನು ಯಾರ ಮೇಲೆ ಹಾಕಬೇಕೆಂದೂ ತಿಳಿಯಲಿಲ್ಲ.

ಹೊರಡುವಾಗ ಅವರೇ ಬಾಗಿಲಲ್ಲಿ ನಿಂತರು. ಫಕೀರಪ್ಪ ನಾಳೆ ಬರುವುದಾದರೆ ಕತ್ತರಿಸುವ ಮುಂಚೆ ಒಂದು ತಾಸು ಅವನದು ಎಂದರು. ಫಲ ಸಿಕ್ಕೀತೆಂದು ಭರವಸೆ ಕೊಡಬೇಡಿ, ಇದು ಔಷಧವಲ್ಲ ಎಂದೂ ಸೇರಿಸಿದರು.

ಶುಕ್ರವಾರ ಬೆಳಿಗ್ಗೆ ನಾನೇ ಸಾವಂತ್ರವ್ವನ ಮನೆಗೆ ಹೋದೆ. ಒಳಗೆ ಕಾಲಿಟ್ಟರೆ ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ, ಅದರ ಮೇಲೆ ಅರ್ಧ ನೇಯ್ದ ಸೀರೆ. ದಸರೆಯಿಂದ ಒಂದು ಬೆರಳೂ ಮುಂದೆ ಹೋಗದ ಆ ಸೀರೆಯ ಮೇಲೆ ಧೂಳಿರಲಿಲ್ಲ. ಪಕ್ಕದ ಮಂಚದ ಮೇಲೆ ಫಕೀರಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ರಬ್ಬರ್ ಚೆಂಡು ದೇವರ ಮಾಡದಲ್ಲಿ ಕುಂಕುಮದ ಭರಣಿಯ ಪಕ್ಕ ಕೂತಿತ್ತು. ಅವನು ಮುಟ್ಟದಿದ್ದರೆ ದೇವರಾದರೂ ಹಿಚುಕಲಿ ಎಂದು ಸಾವಂತ್ರವ್ವ ಅಲ್ಲಿಟ್ಟಿದ್ದಳೋ ಏನೋ.

ನಾನು ಎಲ್ಲವನ್ನೂ ಹೇಳಿದೆ. ಅವನು ತಿರುಗಲೇ ಇಲ್ಲ. ಸಾವಂತ್ರವ್ವ ಬೇಡಿಕೊಂಡಳು, ಆಮೇಲೆ ಬೈದಳು, ಆಮೇಲೆ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆಯತೊಡಗಿದಳು. ಅವನು ಗೋಡೆಗೇ ಹೇಳಿದ, ಸತ್ತ ಕೈಯನ್ನು ಎತ್ತಿಕೊಂಡು ಊರ ಮುಂದೆ ಮೆರೆಯಲು ತನಗೆ ಆಗುವುದಿಲ್ಲ ಎಂದು. ನಾನು ಏಳುವಾಗ, ಮಾತಿಗೆ ಮಾತೆಂಬಂತೆ, ಈ ಸಲದ ಉಂಕಿಯನ್ನು ಮಷಿನ್ ಹೂಡಿದೆ, ಚೆನ್ನಾಗಿಯೇ ಬಂದಿದೆ ಎಂದೆ.

ಫಕೀರಪ್ಪ ತಿರುಗಿದ. ಮುಖದ ಒಂದು ಕಡೆ ಸ್ವಲ್ಪ ಜೋತಿತ್ತು, ಕಣ್ಣುಗಳು ಮಾತ್ರ ಚುರುಕಾಗಿದ್ದವು.

“ಮಷಿನ್ ಹೂಡೈತಿ?” ಎಂದ. “ಅರವತ್ತಡಿಗೆ ಬಿಗಿ ನಿಲ್ತೈತೇನ ಅದಕ್ಕ? ಚಪ್ಪಲಿ ಎಲ್ಲದಾವು ನನ್ನವು?”

ಮ್ಯೂಜಿಯಮ್ಮಿನ ಕೊನೆಯ ಹದಿನೆಂಟು ಮೆಟ್ಟಿಲಿಗೇ ಇಪ್ಪತ್ತು ನಿಮಿಷ ಹಿಡಿಯಿತು. ಕುರ್ಚಿಯಲ್ಲಿ ಎತ್ತಿಕೊಂಡು ಹೋಗುತ್ತೇವೆ ಎಂದರೆ ಕೇಳಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ, ಈ ಇಪ್ಪತ್ತು ನಿಮಿಷ ಆ ತಾಸಿನಲ್ಲಿ ಸೇರಿತೋ ಇಲ್ಲವೋ ಎಂದು. ಮೇಲೆ ಡಾ. ವೈಜಯಂತಿ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡದ್ದು ಕಂಡು ಸಮಾಧಾನವಾಯಿತು.

ಅವನು ಮೊದಲು ಮಾಡಿದ್ದು ತಪಾಸಣೆ. ಎಡಗೈಯಿಂದ ಎಳೆಗಳನ್ನು ತಟ್ಟುತ್ತ ಸಾಲು ಪೂರ್ತಿ ನಡೆದ. ಇದು ಸಡಿಲ, ಇದು ಬಿಗಿ, ಇದು ಇಂದೋ ನಾಳೆಯೋ ಹರಿಯುತ್ತದೆ ಎಂದು ಸಾಲಿಗೊಂದು ತಕರಾರು ತೆಗೆದ. ಐದು ತಿಂಗಳಲ್ಲಿ ಅವನು ಇಷ್ಟು ಮಾತಾಡಿದ್ದು ಇದೇ ಮೊದಲು ಎಂದು ಸಾವಂತ್ರವ್ವ ನನ್ನ ಕಿವಿಯಲ್ಲಿ ಹೇಳಿದಳು. ಆಮೇಲೆ ಅವನನ್ನು ತೊಲೆಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ಮಡಚಿಕೊಂಡಿದ್ದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಎಳೆ ಇಟ್ಟಳು. ಅದು ಜಾರದಂತೆ ಮೇಲೆ ತನ್ನ ಕೈ ಹಿಡಿದಳು. ನಾನು ಕರೆಂಟು ಕೊಟ್ಟೆ.

ಎಳೆ ಬೆಳಗಿತು. ಅವನ ಕೈ ಮುಂದಕ್ಕೆ ಜಗ್ಗಿತು, ಸಡಿಲಾಯಿತು, ಮತ್ತೆ ಜಗ್ಗಿತು.

“ಯಾರಿಂವ, ಇಷ್ಟು ಅವಸರದಾಂವ?” ಎಂದ ಫಕೀರಪ್ಪ.

ಅದು ನೀವೇ ಎಂದಳು ಸಾವಂತ್ರವ್ವ. ಅವನು ನಂಬಲಿಲ್ಲ. ಇನ್ನೊಂದು ಎಳೆ ಕೊಟ್ಟಳು, ಮತ್ತೊಂದು ಕೊಟ್ಟಳು. ಜಗ್ಗಿದ ಕಡೆ ಕೈ ಹೋಗುತ್ತಿತ್ತು, ಬಿಟ್ಟಾಗ ಬಿದ್ದುಬಿಡುತ್ತಿತ್ತು. ನಾನು ಕೋಣೆಗೆ ಹೋಗಿ ಪರದೆ ನೋಡಿ ಬಂದೆ. ಅವನು ಹಿಡಿದ ಎಳೆಯ ಮೇಲೆ ಹೊಸದಾಗಿ ಮೂಡಿದ್ದು ಸಾವಂತ್ರವ್ವನ ಕೈಯ ಒತ್ತಡ ಮಾತ್ರ, ಅವನದು ಏನೂ ಇರಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ ಆಯಿತು. ಸಾವಂತ್ರವ್ವ ಸಾಲಿನ ಉದ್ದಕ್ಕೂ ಅವನ ಸ್ಟೂಲು ಸರಿಸುತ್ತ, ಎಳೆಯಿಂದ ಎಳೆಗೆ ಅವನ ಕೈ ದಾಟಿಸುತ್ತ ಹೋದಳು. ನನಗೆ ನೋಡಲಾಗಲಿಲ್ಲ, ಅವನನ್ನು ಮನೆಯಿಂದ ಎಬ್ಬಿಸಿ ತಂದದ್ದೇ ತಪ್ಪಾಯಿತು ಎನಿಸಿತು.

ಸಾಕು ಎಂದು ಅವನೇ ಹೇಳಿದ. ತನ್ನ ಕೈ ತನಗೇ ಹತ್ತುತ್ತಿಲ್ಲ, ಅದು ಯಾರೋ ಗಟ್ಟಿ ಗಂಡಸಿನದು, ತನ್ನದಲ್ಲ ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಕೇಳುವುದು ಕಷ್ಟವಾಯಿತು. ಸಾವಂತ್ರವ್ವ ತನ್ನ ಕೈ ತೆಗೆದುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಎಳೆ ಅವನ ಬೆರಳುಗಳ ನಡುವೆ ಹಾಗೆಯೇ ಉಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ತಲೆ ವಾರೆ ಮಾಡಿದ. ಜಗ್ಗಿದ್ದು ಮುಗಿದ ಮೇಲೆ ಕೊನೆಗೆ ಒಂದು ಸಣ್ಣ ತಿರುವು ಬರುತ್ತದಲ್ಲ, ಅದೇನು ಎಂದು ಕೇಳಿದ. ಪರದೆಯ ಮೇಲೆ ನಾನು ಕಂಡಿದ್ದ ಮೊನಚು ಅದೇ. ಎರಡು ಎಳೆ ಸೇರಿಸಿದ ಜಾಗದ ದೋಷವಿರಬೇಕು, ಅದನ್ನು ಲಕ್ಷಿಸಬೇಡಿ ಎಂದರು ಡಾ. ವೈಜಯಂತಿ. ಫಕೀರಪ್ಪ ಒಪ್ಪಲಿಲ್ಲ. ದೋಷವಾದರೆ ಒಂದೊಂದು ಎಳೆಯಲ್ಲಿ ಒಂದೊಂದು ಥರ ಇರಬೇಕಿತ್ತು, ಇಷ್ಟು ಹಿಡಿದೆನಲ್ಲ, ಎಲ್ಲದರಲ್ಲೂ ಒಂದೇ ಥರ ಇದೆ ಎಂದ. ಕಣ್ಣು ಮುಚ್ಚಿ ಮತ್ತೊಮ್ಮೆ ಕಾದ. ಎಳೆ ಜಗ್ಗಿತು, ಬಿಟ್ಟಿತು, ಅವನ ಹೆಬ್ಬೆರಳ ಕೆಳಗೆ ಮೆತ್ತಗೆ ಹೊರಳಿತು.

ಡಾ. ವೈಜಯಂತಿ ಥಟ್ಟನೆ ನನ್ನ ಕಡೆ ನೋಡಿದರು. ಮೊದಲು ಮುಟ್ಟಿದ ಕೈ, ಕೊನೆಗೆ ಮುಟ್ಟಿದ ಕೈ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸಾವಂತ್ರವ್ವನಿಗೆ ಅದು ಇಷ್ಟು ದಿನ ಗೊತ್ತಾಗದೆ ಇದ್ದದ್ದೂ ಸಹಜವೇ, ತನ್ನ ಕೈ ಹೇಗಿರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

ಫಕೀರಪ್ಪ ಕಣ್ಣು ತೆರೆದು ಹೆಂಡತಿಯ ಬೆರಳುಗಳನ್ನು ನೋಡುತ್ತಿದ್ದ. ಹೆಬ್ಬೆರಳ ಅಂಚು ಸವೆದು ನುಣ್ಣಗಾಗಿತ್ತು.

“ಇದು ನಿಂದಲ್ಲೇನ?” ಎಂದ.

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಎರಡು ಸಾವಿರದ ನಾಲ್ಕುನೂರು ಸಲ ಕೆಚ್ಚಿದ ಮೇಲೆ ಬೇರೆ ಯಾರದಿರುತ್ತದೆ ಎಂದು ಗೊಣಗಿದಳು.

“ಮೂವತ್ತನಾಕು ವರ್ಷ ಇದರ ಮ್ಯಾಲೆ ಲಾಳಿ ಹೊಡದೀನಿ,” ಎಂದ ಫಕೀರಪ್ಪ. ಮಾತು ಸ್ವಲ್ಪ ಎಳೆಯುತ್ತಿತ್ತು, ಆದರೆ ಒಂದೊಂದು ಶಬ್ದವೂ ಸ್ಪಷ್ಟವಾಗಿತ್ತು. “ಒಮ್ಮಿನೂ ಕೈಗೆ ಹತ್ತಿಲ್ಲ. ಹತ್ತಿದ್ರ ಅದು ಕೆಟ್ಟ ಕೆಚ್ಚು. ಹತ್ತಲಿಲ್ಲ ನೋಡು, ಅದಕ್ಕs ನಿನ್ನ ಕೈ ಹೆಂಗೈತಿ ಅಂತ ನನಗ ಗೊತ್ತs ಆಗಲಿಲ್ಲ.”

ಸಾವಂತ್ರವ್ವ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಅದನ್ನು ಗಾಳಿಯ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ಇನ್ನೊಂದು ಕೊಡು ಎಂದು ಅವನು ಎಡಗೈ ಚಾಚಿ, ಎಳೆಯನ್ನು ತಾನೇ ಬಲಗೈಯ ಬೆರಳುಗಳ ನಡುವೆ ಇಟ್ಟುಕೊಂಡ. ಈ ಸಲ ಜಗ್ಗುವುದಕ್ಕೆ ಅವನು ಗಮನವನ್ನೇ ಕೊಡಲಿಲ್ಲ, ಕೊನೆಯ ತಿರುವಿಗಾಗಿ ಕಾದ. ತಿರುವು ಬಂತು, ಹೋಯಿತು. ಮತ್ತೆ ಕಾದ. ನಾನು ಕೋಣೆಗೆ ಓಡಿದೆ. ಆ ಎಳೆಯ ಗೆರೆಯಲ್ಲಿ ಮೊನಚಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಉಬ್ಬು ಎದ್ದಿತ್ತು, ಜೋಳದ ಕಾಳಿನಷ್ಟು. ಸಾವಂತ್ರವ್ವನ ಕೈಯಾಗಲಿ ಅವನ ಎಡಗೈಯಾಗಲಿ ಆಗ ಎಳೆಯ ಮೇಲಿರಲಿಲ್ಲ. ನಾನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ.

ತಾಸು ಯಾವಾಗಲೋ ಮುಗಿದಿತ್ತು. ಡಾ. ವೈಜಯಂತಿ ಕತ್ತರಿ ಹಿಡಿದು ನಿಂತಿದ್ದರು. ಅವರಿಗೆ ಕತ್ತರಿಸುವ ಮನಸ್ಸಿರಲಿಲ್ಲ, ಕೊಟ್ಟ ಮಾತನ್ನು ತಪ್ಪುವ ಮನಸ್ಸೂ ಇರಲಿಲ್ಲ. ಆ ಕಷ್ಟ ಬಿಡಿಸಿದವಳು ಸಾವಂತ್ರವ್ವ. ಕತ್ತರಿಸಿ, ಜನರ ನೆನಪು ಜನರಿಗೆ ಹೋಗಲಿ ಎಂದಳು. ಆದರೆ ಕಣ್ಣುಗಳನ್ನು ಬರಿದು ಬಿಡುವುದು ಬೇಡ, ಹಳೆಯ ತುಂಡಿನ ಜಾಗದಲ್ಲಿ ಒಂದೊಂದು ಮೊಳ ಅರಳೆಯ ನೂಲು ಹಾಕೋಣ, ಅದಕ್ಕೆ ಯಾವ ನೆನಪೂ ಇಲ್ಲ, ಹೊಸ ಉಂಕಿಯನ್ನು ಅದರಾಚೆ ಒಂದು ಮೊಳ ಸರಿಸಿ ಅದಕ್ಕೇ ಕೆಚ್ಚುತ್ತೇನೆ ಎಂದಳು. ಮೋಟಾರು ಅರಳೆಯ ನೂಲನ್ನು ಓದುವುದಿಲ್ಲ, ಕಣ್ಣುಗಳನ್ನೇ ಒಂದು ಮೊಳ ಮುಂದಕ್ಕೆ ತರಬೇಕಾಗುತ್ತದೆ ಎಂದರು ಡಾ. ವೈಜಯಂತಿ. ತರಬಹುದಲ್ಲ ಎಂದೆ ನಾನು. ಹಾಗೆ ಮಾಡಿದರೆ ಹೊಸ ಉಂಕಿಯ ಪ್ರತಿ ಎಳೆಯಲ್ಲೂ ಮೊದಲ ಕೈ ಕೆಚ್ಚಿದವರದೇ ಆಗಿ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮಾಡಿದವರ ಕೈಯನ್ನು ಅಳಿಸುತ್ತೇನೆಂದು ತಾವು ಯಾರಿಗೂ ಮಾತು ಕೊಟ್ಟಿಲ್ಲ ಎಂದು ಹೇಳಿ, ಭಾನುವಾರದ ಕಾರ್ಯಕ್ರಮವನ್ನು ಮುಂದೂಡಲು ಫೋನು ತೆಗೆದರು. ಆ ಕಡೆಯವರು ಕೂಗಾಡಿದ್ದು ನನಗೂ ಕೇಳಿಸಿತು.

ಹಳೆಯ ತುಂಡುಗಳನ್ನು ಅಂದೇ ಕತ್ತರಿಸಿದೆವು, ಸುಟ್ಟೆವು. ಸೋಮವಾರದಿಂದ ಮತ್ತೆ ಕೆಚ್ಚುವುದು ಶುರುವಾಯಿತು. ಸಾವಂತ್ರವ್ವನ ಚಾಪೆಯ ಮೇಲೆ, ಅವಳ ಎದುರಿಗೆ ಫಕೀರಪ್ಪನೂ ಕೂತ. ಗಂಡಸರು ಕೂರುವ ಕೆಲಸವಲ್ಲ ಅದು, ಬೆಟಗೇರಿಯಲ್ಲಿ ಹೇಳಿದರೆ ನಗುತ್ತಾರೆ. ನಗಲಿ ಎಂದ. ಎಡಗೈಯಲ್ಲಿ ಎರಡು ತುದಿಗಳನ್ನು ಕೂಡಿಸಿ ಹಿಡಿದು, ಬಲಗೈಯ ಹೆಬ್ಬೆರಳನ್ನು ಅವುಗಳ ಮೇಲೆ ತಂದಿಡುವುದಕ್ಕೇ ಅವನಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತು ಬೇಕಾಗುತ್ತಿತ್ತು. ಹೊರಳಿಸಿದರೆ ಎಳೆ ಬಿಟ್ಟುಕೊಳ್ಳುತ್ತಿತ್ತು. ಮತ್ತೆ ಕೂಡಿಸುತ್ತಿದ್ದ. ಅವಳು ಆ ಹೊತ್ತಿನಲ್ಲಿ ಐವತ್ತು ಎಳೆ ಮುಗಿಸಿರುತ್ತಿದ್ದಳು, ಅವನ ಕಡೆ ನೋಡದವಳಂತೆ ನೋಡುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಕೆಚ್ಚಿದ ಒಂದು ಎಳೆ ಬಿಟ್ಟುಕೊಳ್ಳದೆ ನಿಂತಿತು. ದಪ್ಪಗೆ, ಸೊಟ್ಟಗೆ, ಯಾರ ಕೈಗಾದರೂ ಹತ್ತುವ ಹಾಗಿತ್ತು. ಬೇರೆ ಯಾರಾದರೂ ಹಾಗೆ ಕೆಚ್ಚಿದ್ದರೆ ಸಾವಂತ್ರವ್ವ ಅಲ್ಲೇ ಹರಿದು ಎಸೆಯುತ್ತಿದ್ದಳು. ಅವಳು ಬಗ್ಗಿ, ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದಳು. ಮತ್ತೊಮ್ಮೆ ಎಳೆದು ನೋಡಿದಳು. ಆಮೇಲೆ ಅದನ್ನು ಹಾಗೆಯೇ ಬಿಟ್ಟು ಮುಂದಿನ ಎಳೆಗೆ ಹೋದಳು.